ಮಾಸ್ತರ ಮನೆಯ ಕರಿ ಆಡು

ಹೊಸದಾಗಿ ಆಡು ಕಟ್ಟಿದವನ ಮನೆಯಲ್ಲಿ ದಿನಕ್ಕೊಂದು ಫಜೀತಿ ಇದ್ದದ್ದೇ. ಕಟ್ಟಿದವನು ಸಾಲಿ ಮಾಸ್ತರನಾದರೆ ದಿನಕ್ಕೆ ಎರಡು. ಎಪ್ಪತ್ತರ ದಶಕದ ಮಾತು. ನಾನು ಯರಗುಪ್ಪಿ ಕಡೆಯ ಒಂದು ಹಳ್ಳಿಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನಮ್ಮ ಎಂಟು ತಿಂಗಳ ಮಗಳಿಗೆ ಎಮ್ಮೆ ಹಾಲು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಕುಡಿಸಿದ್ದೆಲ್ಲ ಕಾರಿ ಕಾರಿ ಕೂಸು ಸೊರಗಿಹೋಗಿತ್ತು. ಹುಬ್ಬಳ್ಳಿಯ ಡಾಕ್ಟರು "ಆಡಿನ ಹಾಲು ಹಾಕಿ ನೋಡ್ರಿ" ಅಂದರು. ಊರ ಹೊರಗೆ ಆಡಿನ ಹಿಂಡು ಇಟ್ಟುಕೊಂಡಿದ್ದ ಒಬ್ಬ ಅಜ್ಜನಿಂದ ಕರಿ ಆಡೊಂದನ್ನು ಕೊಂಡು ತಂದು ಹಿತ್ತಲಲ್ಲಿ ಕಟ್ಟಿದೆ. ಹಾಲು ಕೂಸಿಗೆ ಒಗ್ಗಿತು. ಎರಡು ವಾರದಲ್ಲಿ ಗಲ್ಲ ತುಂಬಿ ನಗತೊಡಗಿತು. ಅಂದಿನಿಂದ ನಮ್ಮ ಗಂಡಹೆಂಡಿರಿಬ್ಬರ ಜೀವ ಆ ಆಡಿನ ಮೇಲೆ. ಅದು ಒಂದು ಸಲ ಸೀನಿದರೆ ಸಾಕು, ನಾನು ಹಿತ್ತಲಿಗೆ ಓಡುತ್ತಿದ್ದೆ.

ಹಲ್ಲು

ಆಡು ತಂದ ಮೂರನೇ ದಿನ ಜೋಳದ ಕಣಕಿ ತಿನಿಸುತ್ತಾ ಅದರ ಬಾಯಿ ನೋಡಿದೆ. ಕೆಳಗೆ ಮುಂದಿನ ಹಲ್ಲು ಸಾಲಾಗಿದ್ದವು. ಮೇಲೆ ಒಂದೂ ಇಲ್ಲ! ಬರೀ ವಸಡು. ಮುದಿ ಆಡನ್ನು ನನ್ನ ಕೊರಳಿಗೆ ಕಟ್ಟಿದನಲ್ಲ ಈ ಅಜ್ಜ ಎಂದು ಮೈಯೆಲ್ಲ ಉರಿಯಿತು. ಹಿಂದೆಯಾದರೂ ಹಲ್ಲಿವೆಯೋ ನೋಡೋಣವೆಂದು ಬೆರಳು ಹಾಕಿದೆ. ಇದ್ದವು.

ಬೆರಳಿಗೆ ಬಟ್ಟೆ ಸುತ್ತಿಕೊಂಡು ಅಜ್ಜನ ಬಳಿ ಹೋಗಿ ಹರಿಹಾಯ್ದೆ. "ಏನಜ್ಜ, ಮಾಸ್ತರಿಗೆ ಏನೂ ತಿಳಿಯಂಗಿಲ್ಲ ಅಂತ ಹಲ್ಲು ಉದುರಿದ್ದ ಆಡು ಕೊಟ್ಟಿಯಲ್ಲ?"

ಅಜ್ಜ ನನ್ನ ಮುಖ ನೋಡಲಿಲ್ಲ, ಬೆರಳು ನೋಡಿದ. "ಹಂಗಾರ ಬೆರಳಿಗೆ ಏನಾಗೇತ್ರಿ?"

"ಅದು... ಕಚ್ಚೇದ."

"ಹಲ್ಲಿಲ್ಲದ್ದು ಕಚ್ಚೀತೇನ್ರಿ?" ಅಂದು ಕೈ ಹಿಡಿದು ಹಿಂಡಿನೊಳಗೆ ಕರೆದೊಯ್ದು ಒಂದೊಂದೇ ಆಡಿನ ಬಾಯಿ ತೆರೆದು ತೋರಿಸಿದ. ಯಾವುದಕ್ಕೂ ಮೇಲಿನ ಮುಂದಿನ ಹಲ್ಲಿರಲಿಲ್ಲ. "ದೇವ್ರು ಕೊಟ್ಟಿಲ್ರಿ. ನಾ ಎಲ್ಲಿಂದ ತಂದು ಕೊಡ್ಲಿ?"

ಮುಂದಿನ ವಾರ ಎಂಟನೇ ಇಯತ್ತೆಗೆ ಮೆಲುಕು ಹಾಕುವ ಪ್ರಾಣಿಗಳ ಪಾಠವಿತ್ತು. ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳಿರುವುದಿಲ್ಲ ಎಂದು ಪುಸ್ತಕದ ಎರಡನೇ ಸಾಲಿನಲ್ಲೇ ಇತ್ತು. ಒಂಬತ್ತು ವರ್ಷದಿಂದ ಆ ಸಾಲು ಬಾಯಿಪಾಠ ಮಾಡದ ಹುಡುಗರಿಗೆ ನಾನು ಛಡಿ ಏಟು ಕೊಡುತ್ತಿದ್ದೆ.

ಪಟ್ಟಿ

ಒಂದು ದಿನ ಜಾಲಿ ಮುಳ್ಳಿನ ಬೇಲಿಗೆ ನುಗ್ಗಿ ಆಡು ಹಿಂಗಾಲು ಗೀರಿಕೊಂಡಿತು. ನಾಲ್ಕು ಹನಿ ರಕ್ತ. ನಾನು ಸಾಲಿಯ ಸ್ಕೌಟ್ ಮಾಸ್ತರನೂ ಆಗಿದ್ದೆ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮನೆಗೆ ತಂದು, ಟಿಂಚರ್ ಹಚ್ಚಿ, ಪುಸ್ತಕದ ಚಿತ್ರದಲ್ಲಿದ್ದಂತೆ ಬೆಳ್ಳಗೆ ಪಟ್ಟಿ ಸುತ್ತಿದೆ. ಹೆಂಡತಿ ಕೂಡ ಮೆಚ್ಚಿದಳು.

ಸಂಜೆ ಸಾಲಿಯಿಂದ ಬರುವುದರೊಳಗೆ ಆಡು ಪಟ್ಟಿ ತಿಂದಿತ್ತು.

ಎರಡನೇ ಸಲ ಹಳೆಯ ಧೋತರ ಹರಿದು ಸುತ್ತಿದೆ. ಅದನ್ನೂ ತಿಂದಿತು. ಈಗ ಗಾಯದ ಚಿಂತೆ ಹೋಗಿ ಹೊಟ್ಟೆಯೊಳಗಿನ ಬಟ್ಟೆಯ ಚಿಂತೆ ಹತ್ತಿತು. ಮೂರನೇ ಸಲ ಬುದ್ಧಿ ಖರ್ಚು ಮಾಡಿದೆ. ಕಹಿಯಾದರೆ ಬಾಯಿ ಹಾಕಲಿಕ್ಕಿಲ್ಲ ಎಂದು ಬೇವಿನ ಎಲೆ ಅರೆದು ಪಟ್ಟಿಯ ಮೇಲೆಲ್ಲ ದಪ್ಪಗೆ ಮೆತ್ತಿದೆ. ನಾನು ಕೈ ತೊಳೆದುಕೊಂಡು ಬರುವಷ್ಟರಲ್ಲಿ ಪಟ್ಟಿ ಅರ್ಧ ಖಾಲಿ.

ಬಾಜೂ ಮನೆಯ ಮುದುಕಿಯನ್ನು ಓಣಿಯವರೆಲ್ಲ ಆಯಿ ಅನ್ನುತ್ತಿದ್ದೆವು. ಆಕೆ ಗೋಡೆಯ ಆಚೆಯಿಂದ ಮೂರು ದಿನ ಈ ಚಿಕಿತ್ಸೆ ನೋಡಿದ್ದಳು. ಅಂದು ತಡೆಯಲಾರದೆ ಅಂದಳು: "ಮಾಸ್ತರ, ಆಡಿಗೆ ಬೇವು ಅಂದ್ರ ತುಪ್ಪ ಇದ್ದಂಗ್ರಿ. ಮದಲೆರಡು ದಿನ ಬರೇ ಹೋಳಿಗಿ ಕೊಟ್ಟಿದ್ರಿ, ಇವತ್ತ ತುಪ್ಪಾನೂ ಹಾಕೀರಿ."

ಆಮೇಲೆ ಆಕೆಯೇ ಬಂದು ಒಂದು ಚಿಟಿಕೆ ಅರಿಷಿಣ ಒತ್ತಿ ಹೋದಳು. ಪಟ್ಟಿಯಿಲ್ಲದೆ ನಾಲ್ಕೇ ದಿನಕ್ಕೆ ಮಾಯಿತು.

ಇಬ್ಬರೂ ಕುಂಟುತ್ತಾ

ಆ ನಾಲ್ಕು ದಿನದೊಳಗೆ, ಆಡಿನ ಕಾಲು ಇನ್ನೂ ಪೂರಾ ಮಾಯುವ ಮೊದಲೇ, ಒಂದು ಮುಂಜಾನೆ ಆಡು ನನ್ನ ಮೊಣಕಾಲಿಗೆ ಕೋಡಿನಿಂದ ಹಾಯ್ದಿತು. ಕಾಲು ಬಾತುಕೊಂಡಿತು. ಆದರೂ ಆಡನ್ನು ತಾಲೂಕಿನ ದನದ ಡಾಕ್ಟರಿಗೆ ಒಮ್ಮೆ ತೋರಿಸದೆ ನನಗೆ ಸಮಾಧಾನವಿಲ್ಲ. ಹಗ್ಗ ಹಿಡಿದು ಬಸ್ಸಿನ ಕಡೆ ಹೊರಟೆ. ನಾನು ಎಡಗಾಲಲ್ಲಿ ಕುಂಟುತ್ತಿದ್ದೆ, ಅದು ಬಲಗಾಲಲ್ಲಿ.

ಚಹಾದ ಅಂಗಡಿಯ ಕಟ್ಟೆಯ ಮೇಲಿದ್ದ ಒಬ್ಬ ರೈತ ಎದ್ದು ನಿಂತು ಕೈ ಮುಗಿದು ಕೇಳಿದ: "ದನದ ದವಾಖಾನಿಗೆ ಹೊಂಟೀರೋ, ಮನಶ್ಯಾರ ದವಾಖಾನಿಗೋ?"

"ಯಾವುದು ಮೊದಲ ಬಾಗಿಲಾ ತಗೀತದ, ಅಲ್ಲಿಗೆ," ಅಂದೆ.

ಹೇಳಲಾರದ ರೋಗ

ಮುಂದೆ ಒಂದು ಶನಿವಾರ ಮುಂಜಾನೆಯಿಂದ ಆಡು ಒಂದೇ ಸಮನೆ ಒದರತೊಡಗಿತು. ಮೇವು ಮುಟ್ಟಲಿಲ್ಲ. ಬಾಲ ಅಲ್ಲಾಡಿಸುತ್ತಾ ಗೂಟದ ಸುತ್ತ ತಿರುಗುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ತಂಬಿಗೆ ತುಂಬುತ್ತಿದ್ದ ಹಾಲು ತಳಕ್ಕಿಳಿಯಿತು. ಆಡು ಹೊರಗೆ ಒದರಿದರೆ, ಹಸಿದ ಕೂಸು ಒಳಗೆ ಒದರುತ್ತಿತ್ತು.

ಅಜವಾನದ ಕಷಾಯ ಕುಡಿಸಿದೆ, ಹೊಟ್ಟೆ ತಿಕ್ಕಿದೆ. ಏನೂ ಹತ್ತಲಿಲ್ಲ. ಆಯಿಯನ್ನು ಕರೆದೆ. ಆಕೆ ಆಡನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು, ಸೆರಗು ಬಾಯಿಗೆ ಹಿಡಿದಳು.

"ಏನಾಗೇದ ಆಯಿ?"

"ನಿಮ್ಮ ಮುಂದ ನಾ ಏನಂತ ಹೇಳ್ಲಿರಿ? ಆ ಅಜ್ಜನ ಹಿಂಡಿಗೆ ಹೊಡಕೊಂಡು ಹೋಗ್ರಿ."

ಹೆಂಡತಿಯನ್ನು ಕೇಳಿದೆ. "ಆಯಿ ಹೇಳಿದಂಗ ಮಾಡ್ರಿ," ಎಂದು ಮುಖ ತಿರುಗಿಸಿ ಅಡಿಗೆಮನೆಗೆ ಹೋದಳು. ಬಾಯಿ ಬಿಟ್ಟು ಹೇಳಲಾರದಂಥ ರೋಗವೇ ಇರಬೇಕು, ಆಡು ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಕೂಸಿನ ಮುಖ ನೋಡಿದೆ. ನಿಜವಾಗಿಯೂ ಕಣ್ಣಲ್ಲಿ ನೀರು ಬಂತು.

ಬಿಸಿಲಿಗೆಂದು ಛತ್ರಿ ತೆಗೆದುಕೊಂಡು ಆಡು ಹೊಡೆದುಕೊಂಡು ಹೊರಟೆ. ಹಿಂಡು ಕರಿಮಣ್ಣಿನ ಎರಿ ಹೊಲದ ಬದುವಿನಲ್ಲಿ ಮೇಯುತ್ತಿತ್ತು. ಅಜ್ಜ ದೂರದ ಗಿಡದ ನೆರಳಿನಲ್ಲಿ ಕುಳಿತಿದ್ದ. ನಮ್ಮನ್ನು ಕಂಡದ್ದೇ ತಡ, ಹಿಂಡಿನೊಳಗಿಂದ ಗಡ್ಡ ಬಿಟ್ಟ ದೊಡ್ಡ ಹೋತವೊಂದು ತುಟಿ ಮೇಲೆತ್ತಿ, ಗಬ್ಬು ವಾಸನೆ ಬೀರುತ್ತಾ ನೆಟ್ಟಗೆ ಬಂತು. ರೋಗದ ಆಡನ್ನು ಕಂಡು ಹಾಯಲು ಬಂದಿದೆ ಎಂದುಕೊಂಡೆ. ಛತ್ರಿ ಮಡಚಿ ಅದರ ಮೂತಿಗೊಂದು ಬಿಟ್ಟೆ. ಹಿಂದೆ ಸರಿದು ಮತ್ತೆ ಬಂತು. ಮತ್ತೊಂದು ಬಿಟ್ಟೆ. ನನ್ನ ಆಡು ಹಗ್ಗ ಜಗ್ಗಿ ಅದರತ್ತಲೇ ಹೋಗಲು ನೋಡಿತು. ಹೆದರಿ ದಿಕ್ಕು ತಪ್ಪಿದೆ ಪಾಪ ಎಂದು, "ಅಂಜಬ್ಯಾಡ, ನಾ ಇದ್ದೇನಿ," ಎಂದು ಧೈರ್ಯ ಹೇಳಿ ಬೆನ್ನ ಹಿಂದೆ ಎಳೆದುಕೊಂಡೆ. ಹೀಗೆ ಹತ್ತು ನಿಮಿಷ ನಡೆಯಿತು. ಛತ್ರಿಯ ಎರಡು ಕಡ್ಡಿ ಮುರಿದವು.

ಅಜ್ಜ ಓಡಿ ಬಂದ. ನಗು ತಡೆಯಲಾರದೆ ನೆಲಕ್ಕೆ ಕುಕ್ಕರಿಸಿದ. ಕೊನೆಗೆ ಕಣ್ಣೊರೆಸಿಕೊಂಡು ಅಂದ: "ಮಾಸ್ತರ, ನಿಮ್ಮ ಆಡಿಗೆ ಹೋತ ಬೇಕಾಗೇತ್ರಿ! ಡಾಕ್ಟ್ರು ತಾನ ನಡಕೊಂತ ಬಂದ್ರ ಛತ್ರಿಲೆ ಹೊಡ್ಯಾಕತ್ತೀರಲ್ರಿ!"

ನಾನು ಹಗ್ಗ ಬಿಟ್ಟೆ. ಮುರಿದ ಛತ್ರಿಯನ್ನೇ ಬಿಚ್ಚಿಕೊಂಡು ಆಚೆ ಮುಖ ಮಾಡಿ ಕುಳಿತೆ.

ಎರಡೇ ದಿನಕ್ಕೆ ತಂಬಿಗೆ ಮೊದಲಿನಂತೆ ತುಂಬಿತು. ಕೂಸು ಹೊಟ್ಟೆ ತುಂಬ ಕುಡಿದು ಮಲಗಿತು. ನನಗೆ ಅಷ್ಟೇ ಸಾಕಾಗಿತ್ತು. ಊರಿನವರಿಗೆ ಸಾಕಾಗಲಿಲ್ಲ. ಆ ಮಳೆಗಾಲವಿಡೀ ನಾನು ಛತ್ರಿ ಹಿಡಿದು ಓಣಿಯಲ್ಲಿ ಕಾಲಿಟ್ಟರೆ ಸಾಕು, ಯಾವುದಾದರೊಂದು ಕಟ್ಟೆಯಿಂದ ಕೂಗು ಕೇಳುತ್ತಿತ್ತು: "ಮಾಸ್ತರ ಬಂದ್ರಲೇ, ಹೋತ ಒಳಗ ಕಟ್ರಿ!"