ಸೇತುವೆಯಲ್ಲಿ ಅಪ್ಪನ ಇಟ್ಟಂಗಿ

ಜೂಜಿನಲ್ಲಿ ಕಳೆದ ದುಡ್ಡು ಎಲ್ಲಿಗೆ ಹೋಯಿತೆಂದು ಸೋತವರು ವಿಚಾರಿಸುವುದಿಲ್ಲ. ವಿಚಾರಿಸಿದರೆ ಹೊಟ್ಟೆ ಇನ್ನಷ್ಟು ಉರಿಯುತ್ತದೆ. ನಮ್ಮಪ್ಪ ಮಾತ್ರ ವಿಚಾರಿಸುತ್ತಿದ್ದ. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಸೈಕಲ್ ರಿಪೇರಿ ಮಾಡಿಕೊಂಡಿದ್ದ ಅವನು, ಸರಕಾರಿ ಲಾಟರಿ ಇದ್ದಷ್ಟು ಕಾಲ ಅವ್ವ ತಡೆದ ಒಂದೆರಡು ವಾರ ಬಿಟ್ಟರೆ ವಾರಕ್ಕೊಂದು ಟಿಕೆಟ್ ತಪ್ಪಿಸಲಿಲ್ಲ. ಬಹುಮಾನ ಒಂದೂ ಬರಲಿಲ್ಲ. ಹಿಂದೆ ಪರದೇಶದ ರಾಜರೂ ಲಾಟರಿ ನಡೆಸಿ ಸೇತುವೆ, ಬಂದರು ಕಟ್ಟಿಸಿದ್ದರೆಂದು ಟಿಕೆಟ್ ಮಾರುವವನು ಹೇಳಿದ್ದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಅಂದಿನಿಂದ ಕಂಡ ಕಂಡ ಸರಕಾರಿ ಕಟ್ಟಡಕ್ಕೆಲ್ಲ ಅಪ್ಪನೂ ಪಾಲುದಾರ.

ತಿಕೋಟಾ ದಾಟಿ ಘೋಣಸಗಿಯ ಅತ್ತೆಯ ಮನೆಗೆ ಹೊರಟರೆ ಬಸ್ಸಿನಲ್ಲಿ ನನಗೆ ತಲೆ ತಗ್ಗಿಸಿ ಕೂರುವ ಕೆಲಸ. ಸೇತುವೆ ಬಂತೆಂದರೆ ಅಪ್ಪ ಪಕ್ಕದವರನ್ನು ತಿವಿದು, "ನೋಡ್ರಿ, ಇದರಾಗ ನಂದೂ ಒಂದ್ ಇಟ್ಟಂಗಿ ಐತಿ" ಎನ್ನುತ್ತಿದ್ದ. ಬಸ್ಸು ತಗ್ಗಿಗೆ ಬಿದ್ದು ಎಲ್ಲರೂ ಎಗರಿದರೆ ಅವ್ವನ ಕಡೆ ತಿರುಗಿ, "ಈ ತಗ್ಗು ನೀ ಟಿಕೆಟ್ ತಗೋಳಾಕ ಬಿಡದ ವಾರದ್ದ ನೋಡು" ಎನ್ನುವನು. ಅವ್ವ ಬಿಡುತ್ತಿರಲಿಲ್ಲ: "ನಮ್ಮ ಮನಿ ಸೋರಾಕತ್ತೈತಲ್ಲ, ಅದಕ್ಕ ಯಾರ್ ಟಿಕೆಟ್ ತಗೋಬೇಕ್ರಿ?"

ಓದಿ ಬಬಲೇಶ್ವರದಲ್ಲಿ ಮೇಷ್ಟ್ರಾದ ಮೇಲೂ ನಾನು ಅಪ್ಪನ ಈ ಆಸ್ತಿಪಾಸ್ತಿಯ ಕಥೆ ಹೇಳಿ ಗೆಳೆಯರನ್ನು ನಗಿಸುತ್ತಿದ್ದೆ.

ಹೋದ ವರ್ಷ ಅಪ್ಪನಿಗೆ ಉಸಿರಾಟದ ತೊಂದರೆ ಹೆಚ್ಚಿತು. ಖಾಸಗಿ ಆಸ್ಪತ್ರೆಗೆ ಸೇರಿಸಲು ನನ್ನ ಹತ್ತಿರ ದುಡ್ಡಿರಲಿಲ್ಲ. ಯಾಕಿರಲಿಲ್ಲವೆಂದು ಆಮೇಲೆ ಹೇಳುತ್ತೇನೆ. ಸರಕಾರಿ ಆಸ್ಪತ್ರೆಯಲ್ಲಿ ಮಲಗಿಸಿದಾಗ ಅಪ್ಪ ಮಂಚದ ಸರಳು ತಟ್ಟಿ ನರ್ಸಿಗೆ, "ಯವ್ವಾ, ಈ ದವಾಖಾನ್ಯಾಗ ನಂದೂ ಪಾಲೈತಿ" ಎಂದ.

"ಪೂರ್ತಿ ನಿಮ್ಮದ ಐತ್ರಿ ಅಜ್ಜಾರ, ಕೈ ಅಲುಗಾಡಸಬ್ಯಾಡ್ರಿ, ಸಲೈನ್ ಹಚ್ಚೇನಿ" ಎಂದಳು ನರ್ಸ್. ಅಪ್ಪನ ಮಾತನ್ನು ನಗದೆ ಒಪ್ಪಿಕೊಂಡವಳು ಅವಳೊಬ್ಬಳೇ.

ಮೂರನೆಯ ದಿನ ಅಪ್ಪ ನನ್ನನ್ನು ಕೇಳಿದ: "ಅಲ್ಲೋ ತಮ್ಮಾ, ಇಷ್ಟ ವರ್ಸ ದುಡದಿ. ಊರಾಗ ನಿಂದೇನೈತೋ?" ಮರುದಿನ ಅದೇ ಮಂಚದ ಮೇಲೆ ಅಪ್ಪ ತೀರಿಕೊಂಡ.

ಈಗ ಕಾರಣ ಹೇಳಿಬಿಡುತ್ತೇನೆ. ಎರಡು ವರ್ಷ ನಾನು ಮೊಬೈಲಿನಲ್ಲಿ ದುಡ್ಡು ಕಟ್ಟಿ ಇಸ್ಪೀಟು ಆಡಿದ್ದೆ. ಅಪ್ಪನ ಜೀವಮಾನದ ಟಿಕೆಟುಗಳ ದುಡ್ಡಿನ ಎಷ್ಟೋ ಪಟ್ಟು ಹೋಯಿತು. ಅದರಿಂದಲೂ ಯಾರದೋ ಬಂಗಲೆಗೆ ಗೋಡೆ ಎದ್ದಿರಬೇಕು. ಅದು ಯಾವ ಊರಲ್ಲಿದೆಯೆಂದೂ ನನಗೆ ಗೊತ್ತಿಲ್ಲ. ಮೊನ್ನೆ ಘೋಣಸಗಿಗೆ ಹೊರಟಾಗ ಸೇತುವೆ ಬಂತು. ಪಕ್ಕದಲ್ಲಿ ಯಾರೋ ಕೂತಿದ್ದರು. ತಿವಿದು ತೋರಿಸಲು ನನ್ನದೇನೂ ಇರಲಿಲ್ಲ. ಅಪ್ಪನ ಸೇತುವೆಯನ್ನು ಎಂದಿನಂತೆ ತಲೆ ತಗ್ಗಿಸಿಯೇ ದಾಟಿದೆ.