ಯಂತ್ರಕ್ಕೆ ಹೆದರುವ ಮೇಷ್ಟ್ರು

ನನ್ನ ಭಾವಮೈದುನನಿಗೆ ಯಂತ್ರಗಳ ಹುಚ್ಚು ಎನ್ನುವವರು ಅವನನ್ನು ಸರಿಯಾಗಿ ಬಲ್ಲವರಲ್ಲ. ಅವನಿಗಿರುವುದು ಯಂತ್ರಗಳ ಭಯ! ನಾಯಿಗೆ ಹೆದರುವವನೇ ಮನೆತುಂಬ ನಾಯಿ ಸಾಕಿ, ಯಾವುದು ಯಾವಾಗ ಕಚ್ಚೀತೋ ಎಂದು ಗೋಡೆಗೆ ಒರಗಿ ನಿಂತಿರುವುದನ್ನು ನೀವು ಕಂಡಿದ್ದೀರಾ? ಇಲ್ಲವಾದರೆ ಕೊಣನೂರಿನಾಚೆಗಿರುವ ಅವನ ಕಿರಿಯ ಪ್ರಾಥಮಿಕ ಶಾಲೆಗೊಮ್ಮೆ ಹೋಗಿಬನ್ನಿ. ಪ್ರೊಜೆಕ್ಟರಿನ ಗುಂಡಿ ಒತ್ತಿದೊಡನೆ ಅವನು ಪಟಾಕಿಯ ಬತ್ತಿಗೆ ಕಿಡಿ ತಾಗಿಸಿದವನಂತೆ ಹಿಂದಕ್ಕೆ ಹಾರುತ್ತಾನೆ.

ಸೀಮೆಸುಣ್ಣವನ್ನೇ ನಂಬಿ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದ, ಈಗ ಹೊಳೆನರಸೀಪುರದಲ್ಲಿ ನೆಮ್ಮದಿಯಾಗಿರಬೇಕಾಗಿದ್ದ ನನಗೆ ಈ ಭಯದಲ್ಲಿ ಪಾಲೇಕೆ? ಪಾಲು ಹಂಚಿದವನು ಅವನೇ. ಬೆಳಗಿನ ಕಾಫಿ ತುಟಿಗೆ ತಾಗುವಷ್ಟರಲ್ಲಿ ಅವನ ಫೋನು.

“ಭಾವ, ಪಾಠ ತೋರಿಸ್ತಿರೋವಾಗ ಕರೆಂಟ್ ಹೋದ್ರೆ ಏನ್ ಮಾಡ್ಲಿ?”

“ಬಾಯಲ್ಲಿ ಹೇಳು.”

“ಹೋಗದೇ ಇದ್ರೆ?”

ಫೋನಿಟ್ಟು, ಆರಿದ ಕಾಫಿಯನ್ನೇ ಕುಡಿದೆ.

ದಾನಿಯೊಬ್ಬರಿಂದ ಆ ಪ್ರೊಜೆಕ್ಟರು ಬಂದ ವಾರವೇ, ತರಗತಿಯನ್ನು ಕತ್ತಲು ಮಾಡಬೇಕೆಂದು ಪರದೆ ಕೇಳಿಕೊಂಡು ನಮ್ಮ ಮನೆಗೆ ಬಂದ. ನನ್ನ ಹೆಂಡತಿ, ಅಂದರೆ ಅವನ ಅಕ್ಕ, ಒಳಗೆ ಹೋಗಿ ತಂದುಕೊಟ್ಟದ್ದೇನನ್ನು? ನಿವೃತ್ತಿಯ ದಿನ ವೇದಿಕೆಯ ಮೇಲೆ ನನಗೆ ಹೊದಿಸಿದ್ದ ಜರಿಯಂಚಿನ ಶಾಲನ್ನು! “ಬೀರುವಿನಲ್ಲಿ ಮಡಿಸಿಟ್ಟು ಯಾರನ್ನ ಉದ್ಧಾರ ಮಾಡ್ಬೇಕು?” ಎಂದಳು. ನನಗೆ ಸಂದ ಆ ಗೌರವ ಇಂದಿಗೂ ಆ ಶಾಲೆಯ ಕಿಟಕಿಯಲ್ಲಿ ಮೊಳೆ ಹೊಡೆಸಿಕೊಂಡು ನೇತಾಡುತ್ತಿದೆ. ನಾನು ಇದನ್ನು ಮರೆತಿದ್ದೇನೆಂದು ಅಕ್ಕ ತಮ್ಮ ಇಬ್ಬರೂ ನಂಬಿದ್ದಾರೆ. ನಂಬಿರಲಿ.

ಆಯುಧಪೂಜೆ ಬಂತು. ಯಂತ್ರ ಮುನಿದೀತೆಂಬ ಅಳುಕಿನಿಂದ ಅವನು ಪ್ರೊಜೆಕ್ಟರನ್ನು ಮಣೆಯ ಮೇಲೆ ಕೂರಿಸಿ, ಹೂವೇರಿಸಿ, ಹಣೆಗೆ ಕುಂಕುಮವಿಟ್ಟ. ಪ್ರೊಜೆಕ್ಟರಿನ ಹಣೆ ಯಾವುದು? ಅವನ ಲೆಕ್ಕದಲ್ಲಿ, ಮುಂದುಗಡೆ ಮಿನುಗುವ ಗಾಜು! ರಜೆ ಮುಗಿದು ಪಾಠ ಶುರುವಾದಾಗ ಗೋಡೆಯ ಮೇಲೆ ಮೂಡಿದ ಆನೆ, ತಿಮಿಂಗಿಲ, ಕೊನೆಗೆ ಭೂಮಂಡಲವೂ ನಟ್ಟನಡುವೆ ಕೆಂಪು ಕಲೆ ಹೊತ್ತು ದರ್ಶನ ಕೊಟ್ಟವು.

“ಸಾ, ತಿಮಿಂಗ್ಲಕ್ಕೆ ಮದ್ವೆ ಆಗೈತಾ ಸಾ?” ಎಂದು ಮುಂದಿನ ಸಾಲಿನ ಹುಡುಗ ಕೇಳಿದನಂತೆ.

“ಆಗೈತೆ, ಕುಂತ್ಕೊಳ್ಳಲಾ,” ಎಂದನಂತೆ ನಮ್ಮ ಮೇಷ್ಟ್ರು.

ಇಷ್ಟು ಹೆದರುವವನು ಯಂತ್ರದ ಸಹವಾಸವನ್ನೇ ಬಿಡಬಾರದೇ ಎಂದು ಒಮ್ಮೆ ಗದರಿಸಿದೆ. ಆಗ ಅಸಲು ವಿಷಯ ಹೊರಬಿತ್ತು. ಮೂರನೆಯ ತರಗತಿಯಲ್ಲಿ ಒಂದು ಹುಡುಗಿ. ಶಾಲೆಗೆ ಸೇರಿದಂದಿನಿಂದ ಅಲ್ಲಿ ಒಂದಕ್ಷರ ಮಾತನಾಡಿದವಳಲ್ಲ. ಅವಳನ್ನು ಸಾಕುತ್ತಿದ್ದ ಅಜ್ಜಿ ಬಂದು ಗುಡುಗಿದ್ದಳಂತೆ: “ಮನೇಲಿ ನನ್ ಮಗ ಅರಳು ಉರಿದಂಗೆ ಮಾತಾಡ್ತದೆ. ಫೋನ್ ಬಂದ್ರೆ ನನ್ ಕೈಗೂ ಕೊಡಾಕಿಲ್ಲ. ನಿಮ್ ಇಸ್ಕೂಲ್ ಒಸ್ಲು ತುಳಿದೇಟ್ಗೆ ಬಾಯಿಗೆ ಬೀಗ! ಏನಂತ ಎದ್ರಿಸಿದ್ದೀರಿ? ದೀಪಾವಳಿ ಒಳ್ಗೆ ಇಲ್ಲಿ ಅದ್ರ ದನಿ ಕೇಳ್ದಿದ್ರೆ ಬಿಡಿಸ್ಕಂಡೋಯ್ತೀನಿ.”

ಚಿತ್ರ ಕಂಡು ಬೆರಗಾಗಿಯಾದರೂ ಕೂಗಿಯಾಳೇನೋ ಎಂದೇ ಅವನು ಆನೆ, ತಿಮಿಂಗಿಲಗಳನ್ನು ಕರೆತಂದದ್ದು. ಅದು ಫಲಿಸಲಿಲ್ಲ. ಬಳಿಕ ನನ್ನಿಂದ ಒಂದು ಕಥೆ ಹೇಳಿಸಿ ಮೊಬೈಲಿನಲ್ಲಿ ಹಿಡಿದುಕೊಂಡು ಹೋದ. ಮಕ್ಕಳು ತೂಕಡಿಸಿದರೆಂದು ನನ್ನ ಗಂಭೀರ ಧ್ವನಿಯನ್ನು ಎರಡರಷ್ಟು ವೇಗದಲ್ಲಿ ಓಡಿಸಿದನಂತೆ! ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತಂತೆ. “ಆ ಮಗೂನೂ ನಕ್ಕಿತು ಭಾವ... ಆದ್ರೆ ಸದ್ದೇ ಬರ್ಲಿಲ್ಲ,” ಎಂದ. ಅವಮಾನಿತನಾದವನು ನಾನು, ಕಣ್ಣು ತುಂಬಿಕೊಂಡವನು ಅವನು!

ಗಡುವು ಹತ್ತಿರವಾಯಿತು. ಪೋಷಕರ ಸಭೆಯ ಹಿಂದಿನ ದಿನ ಮತ್ತೆ ಕರೆ. “ಭಾವ, ನಾಳೆ ನಿಮ್ಮ ಫೋನು ಬೇಕು.” ಗಮನಿಸಿ, ಕರೆದದ್ದು ನನ್ನನ್ನಲ್ಲ, ಫೋನನ್ನು. ಅದರ ಜೊತೆಗೆ ನಾನೂ ಅರಕಲಗೂಡಿನ ಮೇಲೆ ಕೊಣನೂರಿಗೆ ಹೋಗುವ ಬಸ್ಸು ಹತ್ತಿದೆ.

ಸಭೆಯಲ್ಲಿ ಅಜ್ಜಿ ಮೊಮ್ಮಗಳ ಪುಸ್ತಕದ ಚೀಲವನ್ನು ಆಗಲೇ ಹೆಗಲಿಗೇರಿಸಿ ಕುಳಿತಿದ್ದಳು. ಭಾವಮೈದುನ ಹುಡುಗಿಯ ಒಂದು ಕೈಗೆ ಪಾಠಪುಸ್ತಕ, ಇನ್ನೊಂದು ಕೈಗೆ ನನ್ನ ಫೋನು ಕೊಟ್ಟು, ಬಿಸಿಯೂಟದ ಅಡುಗೆಕೋಣೆಯಲ್ಲಿ ಅಕ್ಕಿಮೂಟೆಯ ಮೇಲೆ ಕೂರಿಸಿ, ಬಾಗಿಲು ಮುಂದೆ ಮಾಡಿ ಬಂದ. ತನ್ನ ಫೋನನ್ನು ತರಗತಿಯ ಸ್ಪೀಕರಿಗೆ ಜೋಡಿಸಿ ಕರೆ ಮಾಡಿದ. ಅಡುಗೆಕೋಣೆಯಲ್ಲಿ ನನ್ನ ಫೋನಿನ ಗಂಟೆ ಮೊಳಗಿತು. ಮೊಳಗುತ್ತಲೇ ಇತ್ತು.

“ಭಾವ, ಎತ್ತದೇ ಇದ್ರೆ?” ಎಂದು ಪಿಸುಗುಟ್ಟಿದ. ಗದರಿಸುವ ಬದಲು ನಾನೂ ಅಡುಗೆಕೋಣೆಯ ಕಡೆಗೇ ಕಿವಿಯೊಡ್ಡಿದೆ.

ಗಂಟೆ ನಿಂತಿತು. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. “ಸಾಕು ಬುಡಿ ಮೇಷ್ಟ್ರೇ. ಕರ್ಕಂಡೋಯ್ತೀನಿ.”

“ಇನ್ನೊಂದ್ ಸಲ ಅಜ್ಜಿ, ಇನ್ನೊಂದೇ ಸಲ!” ಎಂದು ಮತ್ತೆ ಗುಂಡಿ ಒತ್ತಿದ. ಹಿಂದಕ್ಕೆ ಹಾರಲಿಲ್ಲ, ಫೋನಿಗೇ ಅಂಟಿಕೊಂಡು ನಿಂತ.

ಸ್ಪೀಕರು ಗೊರಗುಟ್ಟಿತು. ಅದರೊಳಗಿಂದ, ಯಜಮಾನಿಕೆಯ ಗತ್ತಿನ ಒಂದು ಪುಟ್ಟ ಕಂಠ:

“ಅಲೋ! ಯಾರು ಮಾತಾಡಾದು? ಅಜ್ಜಿ ಇಲ್ಲ. ಇಸ್ಕೂಲಿಗೋಗೈತೆ.”

ತರಗತಿಯ ಮಕ್ಕಳು ಬಾಯಿ ತೆರೆದುಕೊಂಡು ಸ್ಪೀಕರಿನ ಪೆಟ್ಟಿಗೆಯನ್ನೇ ನೋಡಿದರು. ಮೂರು ವರ್ಷ ಪಕ್ಕದಲ್ಲೇ ಕುಳಿತವಳ ದನಿಯನ್ನು ಅವರು ಕೇಳುತ್ತಿದ್ದುದು ಅದೇ ಮೊದಲು.

“ನಾನು ಕಣವ್ವ, ನಿಮ್ ಮೇಷ್ಟ್ರು. ಕೈಲಿ ಪುಸ್ತಕ ಐತಲ್ಲ... ಒಂಚೂರು ಓದ್ತೀಯಾ?”

ಸ್ಪೀಕರಿನಲ್ಲಿ ಹಾಳೆ ಮಗುಚಿದ ಸದ್ದು. ಆಮೇಲೆ, ಪದ ಪದಕ್ಕೂ ಬೆರಳಿಟ್ಟು ನಡೆಯುವಂತೆ, “ಗುಬ್ಬಿ... ಒಂದೊಂದೇ... ಕಡ್ಡಿ... ತಂದಿತು...”

ನನ್ನ ಭಾವಮೈದುನ ಮೇಜಿಗೆ ಹಣೆಯೂರಿ, ಇಷ್ಟು ದಿನ ಹೊತ್ತಿದ್ದ ಭಯವೆಲ್ಲ ಒಮ್ಮೆಗೇ ಒಡೆದಂತೆ, ಗಟ್ಟಿಯಾಗಿ ಬಿಕ್ಕಿದ. ಕಿಟಕಿಯ ಕಡೆ ತಿರುಗಿಕೊಂಡಿದ್ದ ನಾನೂ ಬೆಚ್ಚಿದೆ.

ಅಜ್ಜಿ ಹೆಗಲಿನ ಚೀಲವನ್ನು ನೆಲಕ್ಕಿಳಿಸಿದಳು.

“ಸುಮ್ಕಿರಿ ಮೇಷ್ಟ್ರೇ,” ಎಂದು ಗದರಿದಳು. “ಮಗ ಓದ್ತಾ ಐತೆ.”