ಗಂಡಸಿನ ವೇಷದಲ್ಲಿ ಮಹಾರಾಣಿ

ನಮ್ಮ ಸೋದರಮಾವನಷ್ಟು ಚೆನ್ನಾಗಿ ಸೀರೆ ಉಡಬಲ್ಲ ಹೆಂಗಸು ಆಗಿನ ಜಯನಗರದಲ್ಲಿ ಒಬ್ಬಳೂ ಇರಲಿಲ್ಲ! ಆಗಿನ ಜಯನಗರದಲ್ಲಿ ಇದ್ದ ಹೆಂಗಸರೇ ಎಷ್ಟು ಮಂದಿ ಎಂದು ನೀವು ಕೇಳಬಹುದು. ಒಪ್ಪಿದೆ. ಐವತ್ತರ ದಶಕದ ಕೊನೆಯ ಮಾತು ಇದು. ನಮ್ಮ ಬೀದಿಯಲ್ಲಿ ಇದ್ದದ್ದೇ ಏಳು ಮನೆ. ಉಳಿದದ್ದೆಲ್ಲ ಕಲ್ಲು ನೆಟ್ಟ ಖಾಲಿ ಸೈಟುಗಳು, ಲಂಟಾನದ ಪೊದೆಗಳು, ಕತ್ತಲಾದರೆ ನರಿಯ ಕೂಗು. ಆದರೆ ಬಸವನಗುಡಿ, ಚಾಮರಾಜಪೇಟೆಗಳನ್ನು ಸೇರಿಸಿ ಎಣಿಸಿದರೂ ನನ್ನ ಮಾತನ್ನು ನಾನು ಬದಲಾಯಿಸುವುದಿಲ್ಲ.

ಮಾವ ಕಂಪನಿ ನಾಟಕದಲ್ಲಿ ಸ್ತ್ರೀಪಾತ್ರ ಮಾಡುತ್ತಿದ್ದ. ಇಪ್ಪತ್ತು ವರ್ಷದಿಂದ ಒಂದೇ ಕಂಪನಿ, ಒಂದೇ ಪಾತ್ರ: ತುಂಬಿದ ಸಭೆಯಲ್ಲಿ ರಾಜನನ್ನು ನಿಲ್ಲಿಸಿ ನ್ಯಾಯ ಕೇಳುವ ಮಹಾರಾಣಿ. ಬೆಂಗಳೂರು, ತುಮಕೂರು, ಹಾಸನ, ದಾವಣಗೆರೆ, ಎಲ್ಲಿ ಟೆಂಟು ಹಾಕಿದರೂ ಜನ ಕೇಳುತ್ತಿದ್ದದ್ದು "ಮಹಾರಾಣಿ ಬಂದವ್ರಾ?" ಎಂದೇ. ಸ್ತ್ರೀಪಾತ್ರದವರ ಪದ್ಧತಿಯಂತೆ ಸೊಂಟದುದ್ದ ಕೂದಲು ಬೆಳೆಸಿದ್ದ. ಹಗಲಿನಲ್ಲಿ ಅದನ್ನು ಗಂಟು ಕಟ್ಟಿ ಕರಿ ಟೋಪಿಯೊಳಗೆ ಮುಚ್ಚಿಡುತ್ತಿದ್ದ. ಮೀಸೆ ಎಂಬುದನ್ನು ಆ ಮುಖ ಕಂಡೇ ಇರಲಿಲ್ಲ. ಅವನು ನಮ್ಮ ಮನೆಗೆ ಬಂದ ದಿನವೇ ಉಳಿದ ಆರು ಮನೆಗಳಲ್ಲೂ ಹಾಲಿಗೆ ಹಾಕುವ ಹೆಪ್ಪು ಖಾಲಿಯಾಗಿಬಿಡುತ್ತಿತ್ತು. ಒಬ್ಬೊಬ್ಬರೇ ಬಟ್ಟಲು ಹಿಡಿದು ಬರುವುದು, ಮಾವನ ಬಳಿ ನಿರಿಗೆ ಹಿಡಿಯುವ ಗುಟ್ಟು ಕೇಳುವುದು, ಬಟ್ಟಲು ಮರೆತು ಹೋಗುವುದು!

ಅವನಿಗೆ ಒಂದು ಖಚಿತ ನಂಬಿಕೆ ಇತ್ತು: ಹೆಂಗಸರಿಗೆ ಹೆಂಗಸರಾಗಿರುವುದು ಸರಿಯಾಗಿ ಬರುವುದಿಲ್ಲ. ನಮ್ಮ ಚಿಕ್ಕಮ್ಮನ ಮದುವೆಯಲ್ಲಿ, ಹೆಣ್ಣು ಒಪ್ಪಿಸಿಕೊಡುವ ಹೊತ್ತು. ಚಿಕ್ಕಮ್ಮ ತಲೆ ಬಗ್ಗಿಸಿ ಬಿಕ್ಕುತ್ತಿದ್ದಾಳೆ, ಇಡೀ ಛತ್ರ ಕಣ್ಣೊರೆಸಿಕೊಳ್ಳುತ್ತಿದೆ. ಮಾವ ಪಕ್ಕಕ್ಕೆ ಬಂದು ಅವಳ ಗಲ್ಲ ಹಿಡಿದೆತ್ತಿದ.

"ಹಾಗೆ ಅಳಬೇಡಮ್ಮ, ಹಿಂದಿನ ಸಾಲಿಗೆ ಕಾಣಿಸಲ್ಲ. ಮುಖ ಸ್ವಲ್ಪ ಈ ಕಡೆ ತಿರುಗಿಸು. ಹಾಂ, ಈಗ ಅಳು."

ಚಿಕ್ಕಮ್ಮ ನಗುತ್ತಾ ಗಂಡನ ಮನೆಗೆ ಹೋದಳು. ಅವಳ ಅತ್ತೆ ಈ ನಗುವನ್ನು ಹನ್ನೊಂದು ವರ್ಷ ಎತ್ತಿ ಆಡಿದರು ಎಂಬುದು ಬೇರೆ ವಿಷಯ.

ಇಂಥ ಮಾವ ಒಂದು ಬೇಸಿಗೆಯಲ್ಲಿ ಟ್ರಂಕಿನ ಸಮೇತ ಬಂದು, ಹಜಾರದ ಬೆಂಚಿನ ಮೇಲೆ ಕುಳಿತುಬಿಟ್ಟ. ಜೇಬಿನಲ್ಲಿ ಕಂಪನಿ ಮಾಲೀಕರ ಕಾಗದ. ಅಮ್ಮ ಅದನ್ನು ಜೋರಾಗಿ ಓದಿದಳು. ಕಾಲ ಬದಲಾಗಿದೆ, ಸ್ತ್ರೀಪಾತ್ರಕ್ಕೆ ಸ್ತ್ರೀಯರೇ ಬೇಕೆಂದು ಜನ ಕೇಳುತ್ತಿದ್ದಾರೆ, ಮಹಾರಾಣಿಯ ಪಾತ್ರಕ್ಕೆ ಹತ್ತೊಂಬತ್ತರ ಹುಡುಗಿಯೊಬ್ಬಳು ಬಂದಿದ್ದಾಳೆ. ತಾವು ಕೂದಲು ತೆಗೆಸಿಕೊಂಡು ಬಂದು ರಾಜನ ಪಾತ್ರ ಮಾಡಬೇಕು, ಇಲ್ಲವಾದರೆ ತಮ್ಮ ಇಷ್ಟ.

"ರಾಜ! ಸಿಂಹಾಸನದ ಮೇಲೆ ಬೊಂಬೆ ಥರ ಕೂತ್ಕೊಂಡು ರಾಣಿ ಹತ್ರ ಬೈಸ್ಕೊಳ್ಳೋ ರಾಜ!" ಎಂದ ಮಾವ. "ಅಕ್ಕಾ, ಗಂಡಸಿನ ಪಾತ್ರ ನಂಗೆ ಬರಲ್ಲ. ಬಣ್ಣ ಬಿಟ್ಬಿಡ್ತೀನಿ. ಬನಶಂಕರಿ ಗುಡಿ ಹತ್ರ ಒಂದು ಕಾಫಿಪುಡಿ ಅಂಗಡಿ ಇಡ್ತೀನಿ."

ಅಮ್ಮನ ಮುಖ ಬಿಳಿಚಿಕೊಂಡಿತು. ಅಂಗಡಿಯೇನೋ ನಡೆದೀತು, ಬಣ್ಣ ಬಿಟ್ಟ ತಮ್ಮ ಒಂದು ವರ್ಷವೂ ಉಳಿಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅವಳು ಉಪಾಯವಾಗಿ ಒಂದು ಪಣ ಕಟ್ಟಿದಳು. ಯಡಿಯೂರು ಕೆರೆಯ ಈಚೆಯ ಬಯಲಿನಲ್ಲಿ ದೊಡ್ಡ ಎಕ್ಸಿಬಿಷನ್ ಬಂದಿತ್ತು: ಜೈಂಟ್ ವೀಲು, ತಿರುಗುವ ಮರದ ಕುದುರೆಗಳು, ಬಾವಿಯೊಳಗೆ ಮೋಟಾರ್ ಸೈಕಲ್ ಓಡಿಸುವವನು, ವಕ್ರ ಕನ್ನಡಿಗಳ ಮನೆ.

"ಭಾನುವಾರ ಅಲ್ಲಿಗೆ ಹೋಗೋಣ. ಇಡೀ ದಿನ ಗಂಡಸಾಗಿ ಇರು. ಒಬ್ಬರೂ ಗುರುತು ಹಿಡೀಲಿಲ್ಲ ಅಂದ್ರೆ ನಿಂಗೆ ಗಂಡಸಿನ ಪಾತ್ರ ಬರುತ್ತೆ ಅಂತ ಅರ್ಥ. ಹೋಗಿ ರಾಜನ ಪಾತ್ರ ಮಾಡು."

"ಗುರುತು ಹಿಡಿದ್ರೆ?"

"ಕಾಫಿಪುಡಿ ಮಾರು."

ಶನಿವಾರ ಬೆಳಿಗ್ಗೆ ತಾಲೀಮು ಶುರುವಾಯಿತು. ಗುರು ಯಾರು? ಮನೆಯಲ್ಲಿದ್ದ ಒಬ್ಬನೇ ಗಂಡಸು, ನಮ್ಮ ಅಪ್ಪ. ತಾಲ್ಲೂಕು ಕಚೇರಿಯ ಗುಮಾಸ್ತೆ.

"ಭಾವ, ಗಂಡಸರು ಹೇಗೆ ನಿಲ್ತಾರೆ?"

ಅಪ್ಪ ಯೋಚಿಸಿದರು. "ನಿಲ್ಲೋದು ಅಂದ್ರೆ... ನಿಲ್ಲೋದು ಕಣಯ್ಯ."

"ಭಾರ ಯಾವ ಕಾಲಿನ ಮೇಲೆ? ಕೈ ಎಲ್ಲಿರುತ್ತೆ? ಒಂದು ಸಲ ನಡೀರಿ ನೋಡೋಣ. ಊಹೂಂ, ಈಗ ಎಡಗೈ ಯಾಕೆ ಹಿಂದೆ ಹೋಯ್ತು?"

ಅಪ್ಪ ಹಜಾರದಲ್ಲಿ ಇಪ್ಪತ್ತು ಸಲ ನಡೆದರು. ಮಾವನಿಗೆ ನಡಿಗೆ ಹತ್ತಲಿಲ್ಲ. ಅಪ್ಪನಿಗೆ ಬರುತ್ತಿದ್ದದ್ದೂ ಮರೆತುಹೋಯಿತು! ಸೋಮವಾರ ಕಚೇರಿಗೆ ಹೊರಟ ಅಪ್ಪ ಗೇಟಿನ ಬಳಿ ನಿಂತು, ಮೊದಲು ಯಾವ ಕಾಲಿಡಬೇಕೆಂದು ಅಮ್ಮನನ್ನು ಕೇಳಿದರಂತೆ.

ಭಾನುವಾರ ಬಂತು. ಮಾವ ಕಚ್ಚೆಪಂಚೆ, ಮುಚ್ಚುಗೊರಳಿನ ಕೋಟು, ಟೋಪಿ ತೊಟ್ಟು, ಟ್ರಂಕಿನಿಂದ ನಾಟಕದ ಮೀಸೆಯೊಂದನ್ನು ತೆಗೆದು ಅಂಟಿಸಿಕೊಂಡ. ಅದು ಸೇನಾಪತಿಯ ಮೀಸೆ, ಕಿವಿಯ ಹತ್ತಿರದವರೆಗೂ ಬರುತ್ತಿತ್ತು. ಅಪ್ಪ ಅದನ್ನು ಕತ್ತರಿಯಿಂದ ಗುಮಾಸ್ತೆಯ ಅಳತೆಗೆ ಇಳಿಸಿದರು. ನಡೆಯುವ ಗೊಡವೆ ಸಾಕೆಂದು ತಾವು ಮನೆಯಲ್ಲೇ ಉಳಿದರು. ಅಮ್ಮ, ಮಾವ, ಹತ್ತು ವರ್ಷದ ನಾನು, ಮೂವರೂ ಹೊರಟೆವು.

ಬಾಗಿಲಿನಲ್ಲೇ ಮೊದಲ ಗಂಡಾಂತರ. ಗಂಡಸರಿಗೆ ಒಂದು ಸಾಲು, ಹೆಂಗಸರಿಗೆ ಒಂದು ಸಾಲು. ಮಾವ ಸೀದಾ ಹೋಗಿ ಹೆಂಗಸರ ಸಾಲಿನಲ್ಲಿ ನಿಂತ. ಅದೂ ಹೇಗೆ? ಪಕ್ಕದವಳ ಕೈಯಲ್ಲಿದ್ದ ಕೂಸಿನ ಗಲ್ಲ ಸವರುತ್ತ, "ಹಲ್ಲು ಬಂತೇನ್ರೀ?" ಎಂದು ವಿಚಾರಿಸುತ್ತ! ಅಮ್ಮ ಕೋಟಿನ ತೋಳು ಹಿಡಿದು ಎಳೆದು ತಂದಳು.

ಸೀರೆಯ ಮಳಿಗೆಯ ಮುಂದೆ ನಾನು ಉಸಿರು ಬಿಗಿಹಿಡಿದೆ. ಅಂಗಡಿಯವನು ಮರದ ಗೊಂಬೆಗೆ ಮೊಣಕಾಲಿನ ಮಟ್ಟಕ್ಕೆ ಸೀರೆ ಉಡಿಸಿ ನಿಲ್ಲಿಸಿದ್ದ. ಮಾವನ ಬೆರಳುಗಳು ತಾವಾಗಿಯೇ ಗಾಳಿಯಲ್ಲಿ ನಿರಿಗೆ ಮಡಿಚತೊಡಗಿದವು. "ಕಣ್ಮುಚ್ಕೋ" ಎಂದಳು ಅಮ್ಮ. ಅವನು ಕಣ್ಣು ಮುಚ್ಚಿಕೊಂಡ, ನಾನು ಕೈ ಹಿಡಿದು ದಾಟಿಸಿದೆ.

ಫೋಟೋದವನ ಪರದೆಯ ಮೇಲೆ ವಿಮಾನವೊಂದನ್ನು ಬರೆದಿದ್ದರು. ಅದರ ಕಿಟಕಿಯಲ್ಲಿ ಮುಖ ಇಟ್ಟರೆ ನೀವು ಪೈಲಟ್. ಮಾವ ಇಟ್ಟ. ಫೋಟೋದವನು ಕ್ಯಾಮೆರಾದ ಕರಿ ಬಟ್ಟೆಯೊಳಗಿಂದ ಹೊರಬಂದು ಕೈಮುಗಿದ.

"ಸಾರ್, ಸ್ವಲ್ಪ ಗಂಭೀರವಾಗಿ ನೋಡಿ. ನೀವು ಹೀಗೆ ನಾಚ್ಕೊಂಡ್ರೆ ವಿಮಾನ ಯಾರು ಓಡಿಸ್ತಾರೆ?"

ಇಷ್ಟಾದರೂ, ನಂಬಿ, ಮಧ್ಯಾಹ್ನ ಕಳೆದು ಬಿಸಿಲು ಇಳಿಯುವವರೆಗೆ ಒಬ್ಬರೂ ಗುರುತು ಹಿಡಿಯಲಿಲ್ಲ. ಅಮ್ಮ ಗೆದ್ದೆನೆಂದು ಬೀಗುತ್ತಿದ್ದಳು. ಮಾವನೋ, ಗಳಿಗೆ ಗಳಿಗೆಗೂ ಬಾಡುತ್ತಿದ್ದ. ಸಾವಿರ ಜನ ಮುಟ್ಟಲು ಮೇಲೆ ಬೀಳುತ್ತಿದ್ದ ಮನುಷ್ಯನಿಗೆ ಒಬ್ಬ ಸೋಡಾ ಮಾರುವವನು "ಪಕ್ಕಕ್ಕೋಗಯ್ಯ" ಎಂದುಬಿಟ್ಟಿದ್ದ. ಗಂಡಸಿನ ಪಾತ್ರದಲ್ಲಿ ಸೈ ಎನಿಸಿಕೊಳ್ಳುವುದೂ ಬೇಕಾಗಿತ್ತು, ಗುರುತು ಸಿಗುವುದೂ ಬೇಕಾಗಿತ್ತು, ಪಾಪ! ನನಗೂ ಅಷ್ಟೇ. ಯಾರಾದರೂ ಗುರುತು ಹಿಡಿಯಲಪ್ಪಾ ಎಂದು ಅಮ್ಮನಿಗೆ ತಿಳಿಯದಂತೆ ಬೇಡಿಕೊಂಡೆ.

ಕೊನೆಗೆ ಜೈಂಟ್ ವೀಲು ಹತ್ತಿದೆವು. ಕಬ್ಬಿಣದ ತೊಟ್ಟಿಲಿನಲ್ಲಿ ಮೂವರೂ ಕುಳಿತೆವು. ಎರಡು ಸುತ್ತು ಸುಖವಾಗಿ ಹೋಯಿತು. ಮೂರನೆಯದರಲ್ಲಿ ನಾವು ತುತ್ತತುದಿಯಲ್ಲಿದ್ದಾಗ ಕೆಳಗಿನ ಆಯಿಲ್ ಇಂಜಿನ್ ಕೆಮ್ಮಿ, ಕೆಮ್ಮಿ, ನಿಂತುಹೋಯಿತು. ತೊಟ್ಟಿಲು ಜೋರಾಗಿ ಹೊಯ್ದಾಡಿತು. ಸಾಮಾನ್ಯ ಗಂಡಸಾಗಿದ್ದರೆ "ಅಯ್ಯಯ್ಯೋ" ಎನ್ನುತ್ತಿದ್ದ. ಮಾವ ಎದೆಯ ಮೇಲೆ ಕೈಯಿಟ್ಟು, ಶ್ರುತಿ ತಪ್ಪದೆ, ಹಾರ್ಮೋನಿಯಂನ ಐದೂವರೆ ಮನೆಯ ಎತ್ತರದ ದನಿಯಲ್ಲಿ ಕೂಗಿದ:

"ಹಾ! ವಿಧಿಯೇ!"

ಅದೇ ಹೊತ್ತಿಗೆ ಕೆರೆಯ ಕಡೆಯಿಂದ ಗಾಳಿ ಬೀಸಬೇಕೆ? ಟೋಪಿ ಹಾರಿತು. ಗಂಟು ಬಿಚ್ಚಿತು. ಸೊಂಟದುದ್ದದ ಕೂದಲು ತೊಟ್ಟಿಲಿನಿಂದ ಆಚೆಗೆ ಇಳಿಬಿದ್ದಿತು. ಮೀಸೆ ಯಾವಾಗಲೋ ಬೆವರಿಗೆ ಕಿತ್ತು ಅಮ್ಮನ ಭುಜದ ಮೇಲೆ ಕುಳಿತಿತ್ತು.

ಕೆಳಗೆ ಕಡಲೆಕಾಯಿ ತಿನ್ನುತ್ತ ನಿಂತಿದ್ದ ಯಡಿಯೂರಿನ ಮುದುಕಿಯೊಬ್ಬಳು ತಲೆಯೆತ್ತಿ ನೋಡಿ, ಮಡಿಲಿನ ಕಡಲೆಕಾಯಿಯನ್ನೆಲ್ಲ ಚೆಲ್ಲಿದಳು.

"ಅಯ್ಯೋ ನಮ್ಮ ಮಾರಾಣಿ ಕಣ್ರೋ! ಮಾರಾಣಿ ಮ್ಯಾಲವ್ಳೆ!"

ಜನ ಓಡಿ ಬಂದರು. ಕುದುರೆ ಬಿಟ್ಟರು, ಕನ್ನಡಿ ಬಿಟ್ಟರು, ಬಾವಿಯ ಮೋಟಾರ್ ಸೈಕಲ್ಲಿನವನೂ ಹೆಲ್ಮೆಟ್ಟಿನ ಸಮೇತ ಬಂದ. "ಸಭೆ ಸೀನು! ಸಭೆ ಸೀನು!" ಎಂಬ ಕೂಗೆದ್ದಿತು. ಮಾವ ಅಮ್ಮನ ಮುಖ ನೋಡಿದ.

"ಪಣ ಹೋಯ್ತಲ್ಲಕ್ಕಾ."

"ಪಣ ಹಾಳಾಗ್ಲಿ. ಅಷ್ಟು ಜನ ಕೇಳ್ತಾ ಇದಾರೆ, ಹೇಳೋ" ಎಂದಳು ಅಮ್ಮ.

ಮಾವ ಎದ್ದು ನಿಂತ. ನಾನು ಅವನ ಕೋಟಿನ ಅಂಚು ಹಿಡಿದುಕೊಂಡೆ. ಮೈಕಿಲ್ಲ, ದೀಪವಿಲ್ಲ, ಸೀರೆಯಿಲ್ಲ. "ಪ್ರಭೂ, ನ್ಯಾಯ ಕೇಳಲು ಬಂದವಳಿಗೆ ಬಾಗಿಲು ಮುಚ್ಚಿದರೆ, ಅದು ಅರಮನೆಯ ಬಾಗಿಲಲ್ಲ, ಸೆರೆಮನೆಯ ಬಾಗಿಲು!" ಎಂದು ಆರಂಭಿಸಿ ಮಹಾರಾಣಿಯ ಅಷ್ಟೂ ಮಾತನ್ನು ಆಡಿದ. ಬಯಲು ಸದ್ದಿಲ್ಲದೆ ಕೇಳಿತು. ಇಂಜಿನ್ ಯಾವಾಗಲೋ ಸರಿಹೋಗಿತ್ತಂತೆ. ನಡೆಸುವವನು ಬೇಕೆಂದೇ ಚಾಲೂ ಮಾಡಿರಲಿಲ್ಲ.

ಕೆಳಗಿಳಿದಾಗ ಆ ಮುದುಕಿ ಜನರನ್ನು ತಳ್ಳಿಕೊಂಡು ಬಂದಳು.

"ಸಾಮಿ, ಬಡಾವಣೆ ಮಾಡ್ತೀವಿ ಅಂತ ನಮ್ಮ ಹೊಲ ಅಳೆಯಾಕೆ ಬಂದಿದ್ರು. ಮನೆ ಗಂಡಸ್ರೆಲ್ಲ ಬಾಯಿ ಮುಚ್ಕೊಂಡು ನಿಂತಿದ್ರು. ನಾನೇ ಮುಂದಕ್ಕೋಗಿ ನಿಮ್ಮಂಗೆ ಸೊಂಟದ ಮ್ಯಾಲೆ ಕೈಯಿಟ್ಟು, ನಿಮ್ಮಂಗೇ ಕೇಳ್ದೆ. ಹೊಲ ಹೋಯ್ತು. ನಮ್ಮತ್ತೆ ತೋಡ್ಸಿದ್ ಬಾವಿ ಉಳಿಸ್ಕೊಂಡೆ."

"ಅಮ್ಮಾ, ನಾನು ಗಂಡಸು..." ಎಂದ ಮಾವ.

"ಅದು ಗೊತ್ತಿಲ್ವಾ ನಂಗೆ? ಅದಕ್ಕೇನೀಗ? ಹೇಳ್ಕೊಡೋರು ಯಾರಾದ್ರೇನು, ಮಾತು ನಂದಾಯ್ತು" ಎಂದು ಅವಳು ಅವನ ಕೆನ್ನೆ ಸವರಿ ನೆಟಿಕೆ ಮುರಿದಳು.

ಮನೆಗೆ ವಾಪಸು ನಡೆದೆವು. ನಮ್ಮ ಬೀದಿ ಬಂದ ಮೇಲೆ ಮಾವ ಕೇಳಿದ:

"ಅಕ್ಕಾ, ಆ ಹತ್ತೊಂಬತ್ತರ ಹುಡುಗಿಗೆ ಯಾರು ಹೇಳ್ಕೊಡ್ತಾ ಇರಬಹುದು?"

"ಯಾರಿದಾರೆ ಅಲ್ಲಿ? ಯಾರೂ ಇಲ್ಲ."

"ರಾಜನ ಪಾತ್ರದಲ್ಲಿ ಒಂದು ಅನುಕೂಲ ಇದೆ ನೋಡು. ಸಭೆ ಸೀನಿನಲ್ಲಿ ಅವಳಿಗೆ ತೀರಾ ಹತ್ತಿರ ಇರೋನು ಅವನೇ."

ಮರುದಿನ ಅಮ್ಮನೇ ಅವನ ಕೂದಲು ಕತ್ತರಿಸಿದಳು. ಇಬ್ಬರೂ ಅಳಲಿಲ್ಲ ಎಂದು ಇಬ್ಬರೂ ಬೇರೆ ಬೇರೆಯಾಗಿ ನನ್ನ ಬಳಿ ಹೇಳಿದರು.

ಮುಂದಿನ ವರ್ಷ ಕಂಪನಿ ಬೆಂಗಳೂರಿಗೆ ಬಂತು. ಭಾನುವಾರದ ಸಂಜೆಯ ಆಟಕ್ಕೆ ಹೋದೆವು. ಮಾವನ ರಾಜ, ನಿಜ ಹೇಳಬೇಕೆಂದರೆ, ಸಾಧಾರಣ. ನಡಿಗೆಯಂತೂ ಥೇಟ್ ನಮ್ಮ ಅಪ್ಪನದು! ಆದರೆ ಆ ಹುಡುಗಿ ಸಭೆಗೆ ಬಂದು ನಿಂತಾಗ ನನ್ನ ಮೈ ಜುಮ್ಮೆಂದಿತು. ಮಾತಿನಲ್ಲಿ ಮಾವನ ಬಿಗಿ ಇತ್ತು, ದನಿ ಮಾತ್ರ ಅವಳದೇ. ಅರ್ಧ ಮಾತಾಡಿ ಅವಳು ಥಟ್ಟನೆ ನಿಂತಳು. ಮಾತು ಮರೆತುಹೋಗಿತ್ತು. ಟೆಂಟಿನಲ್ಲಿ ಗುಸುಗುಸು ಶುರುವಾಯಿತು, ಹಿಂದಿನಿಂದ ಯಾರೋ ಶಿಳ್ಳೆ ಹಾಕಿದರು.

ಜನರಿಗೆ ಬೆನ್ನು ತೋರಿಸಬಾರದು ಎಂಬುದು ಕಂಪನಿ ನಟರಿಗೆ ಬಣ್ಣ ಹಚ್ಚುವ ಮೊದಲೇ ಕಲಿಸುವ ಪಾಠ. ರಾಜ ಸಿಂಹಾಸನದಿಂದ ಇಳಿದ. ನಿಧಾನವಾಗಿ ನಡೆದು ಬಂದು, ಅವಳ ಎದುರಿಗೆ, ನಮಗೆಲ್ಲ ಪೂರ್ತಿ ಬೆನ್ನು ಹಾಕಿ ನಿಂತ. ಏನು ಹೇಳಿಕೊಟ್ಟನೋ ನಮಗೆ ಕೇಳಿಸಲಿಲ್ಲ. ಹುಡುಗಿ ತಲೆಯೆತ್ತಿದಳು, ಮುಂದಿನ ಮಾತು ಬಂತು, ಅದರ ಮುಂದಿನದೂ ಬಂತು, ಟೆಂಟಿನಲ್ಲಿ ಚಪ್ಪಾಳೆ ನಿಲ್ಲಲೇ ಇಲ್ಲ. ಅಷ್ಟು ಹೊತ್ತೂ ನಮ್ಮ ಮಾವ, ಚಪ್ಪಾಳೆಗಾಗಿ ಇಪ್ಪತ್ತು ವರ್ಷ ಬದುಕಿದ ಮಾವ, ನಮ್ಮ ಕಡೆ ಒಂದು ಸಲವೂ ತಿರುಗಲಿಲ್ಲ.